ರಾಕ್ಷಸನ ಮನೆಯ ಕಥೆಯನ್ನೂ ಹೇಳುವ ಖಡ್ಗ: 'ಡೀಮನ್ ಸ್ಲೇಯರ್' ಜಗತ್ತನ್ನು ಗೆದ್ದದ್ದು ಹೇಗೆ?

ಬೆಂಗಳೂರು: 2025ರ ಸೆಪ್ಟೆಂಬರ್ 12ರಂದು ಜಪಾನಿನ ಅನಿಮೇಷನ್ ಚಿತ್ರವೊಂದು ಭಾರತದ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಹೆಸರು 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್'. ಅವಧಿ ಎರಡೂವರೆ ಗಂಟೆಗೂ ಹೆಚ್ಚು. ಮೂಲ ಜಪಾನಿ ಭಾಷೆಯ ಜೊತೆಗೆ ಇಂಗ್ಲಿಷ್, ಹಿಂದಿ, ತಮಿಳು ಮತ್ತು ತೆಲುಗು ಧ್ವನಿಗಳಲ್ಲಿಯೂ ಅದು ಬಂದಿತು. ಭಾರತದಲ್ಲಿ ಅದುವರೆಗೆ ಯಾವ ಜಪಾನಿ ಅನಿಮೇಷನ್ ಚಿತ್ರವೂ ಗಳಿಸದಷ್ಟು ಹಣವನ್ನು ಗಳಿಸಿತು. ಮನೆಯ ಮಕ್ಕಳು ವರ್ಷಗಳಿಂದ ಮೊಬೈಲಿನಲ್ಲಿ ನೋಡುತ್ತಿದ್ದ ಕಥೆಯೊಂದು ಊರಿನ ಮಲ್ಟಿಪ್ಲೆಕ್ಸ್‌ಗೆ ಬಂದಾಗ, 'ಇದೇನು ಕತ್ತಿ, ರಕ್ತ, ರಾಕ್ಷಸರ ಕಾರ್ಟೂನು?' ಎಂದು ಹುಬ್ಬೇರಿಸಿದ ಹಿರಿಯರು ಕಡಿಮೆಯೇನಲ್ಲ.

ಅವರ ಪ್ರಶ್ನೆ ಸಹಜವಾದುದು. ರಾಕ್ಷಸರ ಶಿರಚ್ಛೇದ ಮಾಡುವ ಬಾಲಕನೊಬ್ಬನ ಸಾಹಸಗಾಥೆ ಎಂಬಂತೆ ಈ ಸರಣಿ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಅದರ ಯಶಸ್ಸಿನ ಗುಟ್ಟು ಕತ್ತಿಯಲ್ಲಿ ಮಾತ್ರ ಇಲ್ಲ. ಅದು ಮೊದಲಿನಿಂದ ಕೊನೆಯವರೆಗೆ ಮನೆಯ ಕಥೆ. ಅಣ್ಣ-ತಂಗಿ, ತಾಯಿ-ಮಗ, ಕುಡುಕನಾದ ತಂದೆ, ಪರಸ್ಪರ ಮಾತು ಬಿಟ್ಟ ಸಹೋದರರು ಇದರ ನಿಜವಾದ ಪಾತ್ರಧಾರಿಗಳು. ಈ ಸರಣಿಯ ಹಿನ್ನೆಲೆ, ಅದರ ಒಳಗಿನ ವಿಚಾರ ಮತ್ತು ಅದರ ಮೇಲಿರುವ ಆಕ್ಷೇಪಗಳ ಪರಿಚಯ ಇಲ್ಲಿದೆ. (ಕಥೆಯ ಪ್ರಮುಖ ತಿರುವುಗಳ ಪ್ರಸ್ತಾಪ ಮುಂದೆ ಬರುತ್ತದೆ, ಇನ್ನೂ ನೋಡದವರು ಗಮನಿಸಬೇಕು.)

ಏನಿದು ಕಥೆ?

ಜಪಾನಿ ಭಾಷೆಯಲ್ಲಿ ಇದರ ಹೆಸರು 'ಕಿಮೆತ್ಸು ನೊ ಯಾಯಿಬಾ'. ರಾಕ್ಷಸರನ್ನು ನಿರ್ನಾಮ ಮಾಡುವ ಖಡ್ಗ ಎಂಬುದು ಅದರ ಸ್ಥೂಲ ಅರ್ಥ. ಕೊಯೊಹಾರು ಗೊಟೊಗೆ ಎಂಬ ಹೆಸರಿನಲ್ಲಿ ಬರೆಯುವ ಚಿತ್ರಕಥೆಗಾರರು ಇದನ್ನು ಶುಯೇಶಾ ಪ್ರಕಾಶನದ 'ವೀಕ್ಲಿ ಶೋನೆನ್ ಜಂಪ್' ಎಂಬ ವಾರಪತ್ರಿಕೆಯಲ್ಲಿ 2016ರ ಫೆಬ್ರುವರಿಯಿಂದ 2020ರ ಮೇ ತಿಂಗಳವರೆಗೆ ಧಾರಾವಾಹಿಯಾಗಿ ಪ್ರಕಟಿಸಿದರು. ಒಟ್ಟು 205 ಅಧ್ಯಾಯಗಳು, 23 ಸಂಪುಟಗಳು. ಗೊಟೊಗೆ ತಮ್ಮ ಮುಖವನ್ನು ಸಾರ್ವಜನಿಕವಾಗಿ ತೋರಿಸಿಕೊಂಡವರಲ್ಲ. ಕನ್ನಡಕ ಧರಿಸಿದ ಮೊಸಳೆಯೊಂದರ ಚಿತ್ರವೇ ಅವರ ಗುರುತು.

ಕಥಾನಾಯಕ ತಾಂಜಿರೊ ಕಮಾಡೊ ಹದಿಮೂರರ ಹರೆಯದ ಹುಡುಗ. ತಂದೆ ಕಾಯಿಲೆಯಿಂದ ತೀರಿಕೊಂಡಿದ್ದಾನೆ. ತಾಯಿ ಮತ್ತು ಐವರು ತಮ್ಮ-ತಂಗಿಯರ ಹೊಟ್ಟೆ ತುಂಬಿಸಲು ಆತ ಬೆಟ್ಟದ ಮೇಲೆ ಇದ್ದಿಲು ಸುಟ್ಟು, ಕೆಳಗಿನ ಊರಿನಲ್ಲಿ ಮಾರುತ್ತಾನೆ. ಹಿಮ ಸುರಿಯುವ ಒಂದು ದಿನ ಮಾರಾಟಕ್ಕೆ ಹೋದವನು ಹೊತ್ತು ಮೀರಿದ್ದರಿಂದ ಪರಿಚಿತ ವೃದ್ಧನ ಮನೆಯಲ್ಲಿ ರಾತ್ರಿ ತಂಗುತ್ತಾನೆ. ಬೆಳಗ್ಗೆ ಮನೆಗೆ ಮರಳಿದಾಗ ಕಾಣುವುದು ಹೆಣಗಳ ರಾಶಿ. ರಾಕ್ಷಸನೊಬ್ಬ ಮನೆಮಂದಿಯನ್ನು ಕೊಂದಿದ್ದಾನೆ. ಉಸಿರಾಡುತ್ತಿರುವವಳು ತಂಗಿ ನೆಜುಕೊ ಒಬ್ಬಳೇ. ಆದರೆ ರಾಕ್ಷಸನ ರಕ್ತ ಸೋಕಿ ಆಕೆಯೂ ರಾಕ್ಷಸಿಯಾಗಿದ್ದಾಳೆ.

ಆಕೆಯನ್ನು ಕೊಲ್ಲಲು ಬರುವ ಯೋಧ ಗಿಯು ತೊಮಿಯೊಕಾನ ಮುಂದೆ ತಾಂಜಿರೊ ಮಂಡಿಯೂರಿ ಬೇಡುತ್ತಾನೆ. ಹಸಿದ ನೆಜುಕೊ ಅಣ್ಣನನ್ನು ತಿನ್ನುವ ಬದಲು ಅವನಿಗೆ ಅಡ್ಡವಾಗಿ ನಿಂತು ರಕ್ಷಿಸುತ್ತಾಳೆ. ಇದನ್ನು ಕಂಡ ಗಿಯು ಕತ್ತಿ ಇಳಿಸುತ್ತಾನೆ. ತಂಗಿಯನ್ನು ಮತ್ತೆ ಮನುಷ್ಯಳನ್ನಾಗಿಸುವ ದಾರಿ ಹುಡುಕುವುದು, ಮನೆಯವರನ್ನು ಕೊಂದವನನ್ನು ಪತ್ತೆ ಹಚ್ಚುವುದು - ಈ ಎರಡು ಗುರಿಗಳೊಂದಿಗೆ ತಾಂಜಿರೊ ರಾಕ್ಷಸ ಸಂಹಾರಕರ ದಳ ಸೇರುತ್ತಾನೆ. ಬಾಯಿಗೆ ಬಿದಿರಿನ ತುಂಡು ಕಟ್ಟಿಕೊಂಡ ತಂಗಿಯನ್ನು ಹಗಲಲ್ಲಿ ಮರದ ಪೆಟ್ಟಿಗೆಯೊಳಗೆ ಕೂರಿಸಿ, ಬೆನ್ನಿಗೇರಿಸಿಕೊಂಡು ಊರೂರು ಅಲೆಯುತ್ತಾನೆ. ರಾಕ್ಷಸರನ್ನು ಕೊಲ್ಲಲು ಹೊರಟವನ ಬೆನ್ನ ಮೇಲೆ ಒಬ್ಬ ರಾಕ್ಷಸಿ! ಇಡೀ ಸರಣಿಯ ಬಿಕ್ಕಟ್ಟು ಈ ಒಂದು ಚಿತ್ರದಲ್ಲಿಯೇ ಅಡಗಿದೆ.

ಉಗಿಬಂಡಿಯ ಕಾಲ, ಕತ್ತಿಯ ಕೊನೆಗಾಲ

ಕಥೆ ನಡೆಯುವುದು ತೈಶೋ ಯುಗದಲ್ಲಿ, ಅಂದರೆ 1912ರಿಂದ 1926ರ ನಡುವಿನ ಜಪಾನಿನಲ್ಲಿ. ನಗರಗಳಿಗೆ ವಿದ್ಯುತ್ ದೀಪ, ಟ್ರಾಮು, ಸಿನಿಮಾ ಬಂದಿದ್ದ ಕಾಲವದು. ಬೆಟ್ಟದ ಹುಡುಗ ತಾಂಜಿರೊ ಟೋಕಿಯೊದ ಅಸಾಕುಸಾ ಬಡಾವಣೆಯ ಝಗಮಗಿಸುವ ರಾತ್ರಿಯನ್ನು ಕಂಡು ತಲೆಸುತ್ತಿ ಕೂರುತ್ತಾನೆ. ಅವನ ಒಡನಾಡಿ, ಕಾಡಿನಲ್ಲಿ ಬೆಳೆದ ಇನೊಸುಕೆ, ರೈಲುಗಾಡಿಯನ್ನು ದೊಡ್ಡ ಮೃಗವೆಂದು ಭಾವಿಸಿ ಹೋರಾಟಕ್ಕಿಳಿಯುತ್ತಾನೆ.

ಇಲ್ಲಿ ಇನ್ನೊಂದು ಐತಿಹಾಸಿಕ ಅಂಶವಿದೆ. 1876ರಲ್ಲಿಯೇ ಜಪಾನ್ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತ್ತು. ಹೀಗಾಗಿ ಸಂಹಾರಕರ ದಳಕ್ಕೆ ಸರ್ಕಾರದ ಮನ್ನಣೆಯಿಲ್ಲ. ಅದರ ಯೋಧರು ಪೊಲೀಸರನ್ನು ಕಂಡರೆ ಕತ್ತಿ ಮರೆಮಾಡಿಕೊಳ್ಳಬೇಕು. ಜನರನ್ನು ಕಾಯುವವರು ಕಾನೂನಿನ ಕಣ್ಣಿಗೆ ಅಪರಾಧಿಗಳು. ಅವರಿಗೆ ಪದವಿಯಿಲ್ಲ, ಸನ್ಮಾನವಿಲ್ಲ. ದಳಕ್ಕೆ ಸೇರಿದವರಲ್ಲಿ ಬಹುಪಾಲು ಮಂದಿ ರಾಕ್ಷಸರಿಗೆ ಮನೆಯವರನ್ನು ಕಳೆದುಕೊಂಡ ಅನಾಥರು. ದಳದ ಮುಖ್ಯಸ್ಥ ಉಬುಯಾಶಿಕಿ ಅವರನ್ನು ಕರೆಯುವುದೇ 'ನನ್ನ ಮಕ್ಕಳು' ಎಂದು.

'ಓನಿ' ಎಂದರೆ ನಮ್ಮ ರಾಕ್ಷಸನೇ?

ಜಪಾನಿಗರು ಇಲ್ಲಿನ ದುಷ್ಟರನ್ನು 'ಓನಿ' ಎನ್ನುತ್ತಾರೆ. ಕೊಂಬು, ಕೋರೆಹಲ್ಲುಗಳ ಓನಿ ಅಲ್ಲಿನ ಜನಪದದ ಬಹು ಹಳೆಯ ಪಾತ್ರ. ಫೆಬ್ರುವರಿ ಆರಂಭದಲ್ಲಿ ಬರುವ 'ಸೆತ್ಸುಬುನ್' ದಿನ ಹುರಿದ ಸೋಯಾ ಕಾಳುಗಳನ್ನು ಎರಚಿ ಓನಿಯನ್ನು ಮನೆಯಿಂದ ಓಡಿಸುವ ಆಚರಣೆ ಇಂದಿಗೂ ಇದೆ. ಪೀಚ್ ಹಣ್ಣಿನಿಂದ ಹುಟ್ಟಿದ ಬಾಲಕ ಮೊಮೊತಾರೊ ಓನಿಗಳ ದ್ವೀಪಕ್ಕೆ ದಂಡೆತ್ತಿ ಹೋಗುವ ಕಥೆಯನ್ನು ಕೇಳದ ಜಪಾನಿ ಮಗುವಿಲ್ಲ.

ನಮ್ಮ ನಾಡಿಗೂ ಈ ಲೋಕಕ್ಕೂ ದೂರದ ನಂಟೊಂದುಂಟು. ಬೌದ್ಧ ಧರ್ಮದ ಜೊತೆ ಚೀನಾ ಮಾರ್ಗವಾಗಿ ಜಪಾನಿಗೆ ಹೋದ ಭಾರತೀಯ ಪದಗಳಲ್ಲಿ 'ರಾಕ್ಷಸ' ಮತ್ತು 'ಯಕ್ಷ' ಎರಡೂ ಇವೆ. ಅಲ್ಲಿ ಅವು 'ರಾಸೆತ್ಸು' ಮತ್ತು 'ಯಾಶಾ' ಎಂದಾಗಿವೆ. ಆದರೆ ಈ ಸರಣಿಯ ಓನಿ ಹುಟ್ಟು ರಾಕ್ಷಸನಲ್ಲ. ಅವನು ಒಂದು ಕಾಲದಲ್ಲಿ ಮನುಷ್ಯನಾಗಿದ್ದವನು. ಮುಜಾನ್ ಕಿಬುತ್ಸುಜಿ ಎಂಬ ಮೂಲ ರಾಕ್ಷಸನ ರಕ್ತ ಮೈಸೇರಿದ್ದರಿಂದ ರೂಪಾಂತರಗೊಂಡವನು. ಆತನಿಗೆ ಮುಪ್ಪಿಲ್ಲ, ಗಾಯಗಳು ಕ್ಷಣದಲ್ಲಿ ಮಾಯುತ್ತವೆ, ನರಮಾಂಸವೇ ಆಹಾರ. ಬಿಸಿಲು ತಾಗಿದರೆ ಅಥವಾ ವಿಶೇಷ ಲೋಹದ ಕತ್ತಿಯಿಂದ ಕೊರಳು ಕತ್ತರಿಸಿದರೆ ಸಾವು. ರಾಕ್ಷಸನಾದ ಬಳಿಕ ಹಳೆಯ ನೆನಪುಗಳು ಮಸುಕಾಗುತ್ತವೆ. ಆ ನೆನಪು ಮರಳುವುದು ಸಾಯುವ ಗಳಿಗೆಯಲ್ಲಿ.

ಕಥೆಗಾರರು ಹೂಡಿರುವ ತಂತ್ರ ಇಲ್ಲಿದೆ. ಪ್ರತಿ ದೊಡ್ಡ ಕಾಳಗದ ಕೊನೆಗೆ, ತಲೆ ಕಡಿದು ಬೂದಿಯಾಗುತ್ತಿರುವ ರಾಕ್ಷಸನ ಹಿಂದಿನ ಬದುಕು ತೆರೆದುಕೊಳ್ಳುತ್ತದೆ. ಆ ಬದುಕಿನಲ್ಲಿ ಹೆಚ್ಚು ಕಡಿಮೆ ಯಾವಾಗಲೂ ಒಂದು ಮನೆ ಇರುತ್ತದೆ. ಆ ಮನೆ ಒಡೆದಿರುತ್ತದೆ.

ಹಿರಿಯ ಮಗನ ಹೊರೆ

ಸರಣಿಯ ಅಭಿಮಾನಿಗಳ ನಡುವೆ ಬಹು ಜನಪ್ರಿಯವಾದ ಒಂದು ಪ್ರಸಂಗವಿದೆ. ಗಾಯಗೊಂಡು ಸೋಲುವ ಸ್ಥಿತಿಯಲ್ಲಿರುವ ತಾಂಜಿರೊ, ತಾನು ಹಿರಿಯ ಮಗನಾದ್ದರಿಂದ ಈ ನೋವನ್ನು ಸಹಿಸಬಲ್ಲೆ, ಎರಡನೆಯವನಾಗಿದ್ದರೆ ಆಗುತ್ತಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಜಪಾನಿನಲ್ಲಿ ಇದು ನಗೆಚಾಟಿಕೆಯೂ ಆಗಿದೆ. ಆದರೆ ಅದರ ಹಿಂದೆ ಗಟ್ಟಿಯಾದ ಸಾಮಾಜಿಕ ಇತಿಹಾಸವಿದೆ.

1898ರಲ್ಲಿ ಜಾರಿಗೆ ಬಂದ ಜಪಾನಿನ ನಾಗರಿಕ ಸಂಹಿತೆಯು 'ಇಯೆ' ಎಂಬ ಮನೆತನ ವ್ಯವಸ್ಥೆಗೆ ಕಾನೂನಿನ ರೂಪ ಕೊಟ್ಟಿತ್ತು. ಮನೆಯ ಯಜಮಾನಿಕೆ ಹಾಗೂ ಆಸ್ತಿ ಸಾಮಾನ್ಯವಾಗಿ ಹಿರಿಯ ಮಗನಿಗೆ ಸಲ್ಲುತ್ತಿತ್ತು. ಜೊತೆಗೆ ಹಿರಿಯರ ಪೂಜೆ, ತಾಯಿಯ ಪೋಷಣೆ, ಕಿರಿಯರ ಹೊಣೆ ಕೂಡ ಅವನದೇ. ಎರಡನೇ ಮಹಾಯುದ್ಧದ ನಂತರ, 1947ರ ಸಂವಿಧಾನ ಹಾಗೂ ಅದರ ಬೆನ್ನಿಗೆ ಬಂದ ತಿದ್ದುಪಡಿಗಳು ಈ ವ್ಯವಸ್ಥೆಯನ್ನು ರದ್ದುಪಡಿಸಿದವು.

ತಾಂಜಿರೊ ಬದುಕಿದ್ದು ಆ ಹಳೆಯ ಸಂಹಿತೆಯ ಕಾಲದಲ್ಲಿ. ಅವನ ಪಾಲಿಗೆ ಬಂದ ಆಸ್ತಿ ಎಂದರೆ ಇದ್ದಿಲ ಬುಟ್ಟಿ, ತಂದೆಯ ಕಿವಿಯೋಲೆ ಮತ್ತು ಮನೆತನದ ಒಂದು ಅಗ್ನಿನೃತ್ಯ. ಹೊಣೆಯಂತೂ ಪೂರ್ತಿಯಾಗಿ ಬಂದಿದೆ. ಆ ರಾತ್ರಿ ಮನೆಯಲ್ಲಿ ಇರಲಿಲ್ಲವಲ್ಲ ಎಂಬ ಅಪರಾಧಿ ಪ್ರಜ್ಞೆ ಅವನನ್ನು ಕೊನೆಯವರೆಗೂ ಬಿಡುವುದಿಲ್ಲ. 2020ರ ಚಲನಚಿತ್ರದಲ್ಲಿ ಎನ್ಮು ಎಂಬ ರಾಕ್ಷಸ ರೈಲು ಪ್ರಯಾಣಿಕರಿಗೆ ಸಿಹಿಗನಸುಗಳನ್ನು ಕೊಟ್ಟು ನಿದ್ರೆಯಲ್ಲಿಯೇ ಕೊಲ್ಲಲು ಹವಣಿಸುತ್ತಾನೆ. ತಾಂಜಿರೊನ ಕನಸಿನಲ್ಲಿ ಸತ್ತ ತಾಯಿ, ತಮ್ಮಂದಿರು, ತಂಗಿಯರು ಎಲ್ಲರೂ ನಗುತ್ತಾ ಬದುಕಿದ್ದಾರೆ. ಎಚ್ಚರವಾಗಬೇಕಾದರೆ ಅವರನ್ನು ಅಲ್ಲಿಯೇ ಬಿಟ್ಟು, ಕನಸಿನೊಳಗೆ ತನ್ನ ಕೊರಳನ್ನು ತಾನೇ ಕತ್ತರಿಸಿಕೊಳ್ಳಬೇಕು. ಹಿಮದಲ್ಲಿ ಹಿಂದೆ ಓಡಿಬರುವ ಪುಟ್ಟ ತಮ್ಮನನ್ನು ತಿರುಗಿ ನೋಡದೆ ಹೋಗುವ ಆ ದೃಶ್ಯ, ಯಾವ ಖಡ್ಗಯುದ್ಧಕ್ಕಿಂತಲೂ ಹೆಚ್ಚು ಪ್ರೇಕ್ಷಕರ ಕಣ್ಣು ತೇವಗೊಳಿಸಿತು.

ಭಯದ ಮನೆ, ಪ್ರೀತಿಯ ಮನೆ

ಮೊದಲ ಭಾಗದ ಅತ್ಯಂತ ಮಹತ್ವದ ಪ್ರಸಂಗ ನಟಗುಮೊ ಬೆಟ್ಟದ್ದು. ರುಯಿ ಎಂಬ ಬಾಲರಾಕ್ಷಸ ಅಲ್ಲಿ ಜೇಡನಂತೆ ಬಲೆ ನೇಯ್ದಿದ್ದಾನೆ. ಆತನಿಗೆ ಒಂದು 'ಕುಟುಂಬ' ಇದೆ. ಬೇರೆ ಬೇರೆ ರಾಕ್ಷಸರನ್ನು ಹೆದರಿಸಿ, ಇವನು ತಂದೆ, ಇವಳು ತಾಯಿ, ಇವಳು ಅಕ್ಕ ಎಂದು ಪಾತ್ರ ಹಂಚಿದ್ದಾನೆ. ಪಾತ್ರದಲ್ಲಿ ತಪ್ಪಿದರೆ ಕ್ರೂರ ಶಿಕ್ಷೆ. ತಾಂಜಿರೊಗೆ ಅಡ್ಡವಾಗಿ ಬಂದು ಪೆಟ್ಟು ತಿನ್ನುವ ನೆಜುಕೊಳನ್ನು ಕಂಡು ರುಯಿ ಬೆರಗಾಗುತ್ತಾನೆ. ಇಂಥ ತಂಗಿ ತನಗೂ ಬೇಕು, ಕೊಟ್ಟುಬಿಡು ಎನ್ನುತ್ತಾನೆ. ಬಾಂಧವ್ಯ ಎಂಬುದು ಬಲದಿಂದ ಕಿತ್ತುಕೊಳ್ಳಬಹುದಾದ ವಸ್ತು ಎಂಬುದೇ ಅವನ ತಿಳಿವಳಿಕೆ.

ರುಯಿಯ ಪೂರ್ವಕಥೆ ಇನ್ನೂ ದಾರುಣ. ಹುಟ್ಟಿನಿಂದ ನಿಶ್ಶಕ್ತನಾಗಿದ್ದ ಆ ಮಗುವಿಗೆ ಮುಜಾನ್ ಶಕ್ತಿಯ ಆಸೆ ತೋರಿಸಿ ರಾಕ್ಷಸನನ್ನಾಗಿಸಿದ. ಮಗ ನರಹತ್ಯೆ ಮಾಡಿದ್ದನ್ನು ಕಂಡ ತಂದೆ-ತಾಯಿ ಆತನನ್ನು ಕೊಲ್ಲಲು ಮುಂದಾದರು. ಆತ ಅವರನ್ನೇ ಕೊಂದ. ಮಗನ ಪಾಪದಲ್ಲಿ ಪಾಲು ಪಡೆದು, ಅವನೊಂದಿಗೆ ತಾವೂ ಸಾಯಬೇಕೆಂಬುದು ಅವರ ಉದ್ದೇಶವಾಗಿತ್ತೆಂದು ತಿಳಿಯುವಾಗ ಕಾಲ ಮೀರಿತ್ತು. ನಿಜವಾದ ಬಂಧವನ್ನು ತನ್ನ ಕೈಯಾರೆ ಕಡಿದವನು, ಅದರ ನಕಲನ್ನು ಬೆದರಿಕೆಯ ದಾರದಿಂದ ಹೆಣೆಯಲು ಹೊರಟಿದ್ದ.

ಇದೇ ಮಾತನ್ನು ಮುಜಾನ್‌ನ ಕುರಿತೂ ಹೇಳಬಹುದು. ಅವನೂ ಒಂದು ಅರ್ಥದಲ್ಲಿ ರಾಕ್ಷಸ ಕುಲದ ಯಜಮಾನ. ಆದರೆ ಅವನ ಹೆಸರು ಉಚ್ಚರಿಸಿದ ಅನುಯಾಯಿಗೆ ಸಾವು, ಸೋತವನಿಗೂ ಸಾವು. ಮೊದಲ ಭಾಗದ ಕೊನೆಯ ಸಂಚಿಕೆಯಲ್ಲಿ ಕೆಳದರ್ಜೆಯ ಸೇನಾನಿಗಳನ್ನು ಕರೆಸಿ, ಒಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಅವನೇ ಕೊಲ್ಲುತ್ತಾನೆ. ತಾಂಜಿರೊ ಅವನನ್ನು ಮೊದಲ ಬಾರಿ ಕಾಣುವುದು ಅಸಾಕುಸಾದ ಜನಜಂಗುಳಿಯಲ್ಲಿ. ಅಚ್ಚುಕಟ್ಟಾದ ಸೂಟು ತೊಟ್ಟು, ಕಂಕುಳಲ್ಲಿ ಪುಟ್ಟ ಮಗಳು, ಪಕ್ಕದಲ್ಲಿ ಹೆಂಡತಿ. ಮನೆಗಳನ್ನು ನಾಶ ಮಾಡುವವನು ಅಡಗಿರುವುದು ಒಂದು ಮನೆಯ ಮರೆಯಲ್ಲಿ. ಎದುರು ಪಕ್ಷದಲ್ಲಿ ನೆಜುಕೊಗೆ ಗುರು ಉರೊಕೊದಾಕಿ ನಿದ್ರೆಯಲ್ಲಿ ಮನಗಾಣಿಸಿರುವುದು, ಮನುಷ್ಯರೆಲ್ಲರೂ ನಿನ್ನ ಮನೆಯವರೇ ಎಂದು. ಅವಳ ಕಣ್ಣಿಗೆ ಅಪರಿಚಿತರೂ ಸತ್ತ ತಮ್ಮ-ತಂಗಿಯರಂತೆ ಕಾಣುತ್ತಾರೆ.

ಅಣ್ಣ-ತಂಗಿ: ಎರಡು ಜೋಡಿ, ಎರಡು ದಾರಿ

2021ರ ಡಿಸೆಂಬರ್‌ನಿಂದ 2022ರ ಫೆಬ್ರುವರಿಯವರೆಗೆ ಪ್ರಸಾರವಾದ ಭಾಗದಲ್ಲಿ ಕಥೆ ಟೋಕಿಯೊದ ಯೊಶಿವಾರಾಕ್ಕೆ ಹೋಗುತ್ತದೆ. ಅದು ಶತಮಾನಗಳ ಕಾಲ ಸರ್ಕಾರದ ಪರವಾನಗಿಯೊಂದಿಗೆ ನಡೆದ ವೇಶ್ಯಾವಾಟಿಕೆ. ಇಲ್ಲಿ ತಾಂಜಿರೊ ಎದುರಿಸುವ ಗ್ಯುತಾರೊ ಮತ್ತು ದಾಕಿ ಕೂಡ ಅಣ್ಣ-ತಂಗಿ. ಆ ಬಡಾವಣೆಯ ಅತ್ಯಂತ ಬಡ ಓಣಿಯಲ್ಲಿ ಹುಟ್ಟಿ, ಇಲಿ-ಹುಳುಗಳನ್ನು ತಿಂದು ಬೆಳೆದವರು. ತಾಯಿಗಿದ್ದ ರೋಗದ ಹೆಸರೇ ಮಗಳಿಗೆ ಹೆಸರು. ಸಮುರಾಯಿಯೊಬ್ಬನ ಕಣ್ಣಿಗೆ ಗಾಯ ಮಾಡಿದಳೆಂದು ಹದಿಮೂರರ ಆ ಹುಡುಗಿಯನ್ನು ಜೀವಂತ ಸುಡಲಾಯಿತು. ಸುಟ್ಟ ತಂಗಿಯನ್ನು ಹೊತ್ತು ಹಿಮದಲ್ಲಿ ಅಲೆಯುತ್ತಿದ್ದ ಅಣ್ಣನಿಗೆ ಕೈ ಚಾಚಿದವನು ಮನುಷ್ಯನಲ್ಲ, ರಾಕ್ಷಸ.

ಗಾಯಗೊಂಡ ತಂಗಿಯನ್ನು ಹಿಮದಲ್ಲಿ ಹೊತ್ತು ನಡೆದವನು ತಾಂಜಿರೊ ಕೂಡ. ಅವನಿಗೆ ಎದುರಾದವನು ಗಿಯು. ಇಬ್ಬರು ಅಣ್ಣಂದಿರ ನಡುವೆ ಇರುವ ವ್ಯತ್ಯಾಸ ಸ್ವಭಾವದ್ದಕ್ಕಿಂತ ಹೆಚ್ಚಾಗಿ, ಆ ಗಳಿಗೆಯಲ್ಲಿ ಯಾರು ಬಂದರು ಎಂಬುದರದು. ತಾಂಜಿರೊಗೂ ಇದು ಅರಿವಾಗುತ್ತದೆ. ಕತ್ತರಿಸಿ ಬಿದ್ದ ಎರಡು ತಲೆಗಳು ಸಾಯುವ ಮುನ್ನ ಪರಸ್ಪರ ಶಪಿಸುತ್ತಾ ಜಗಳವಾಡುವಾಗ ಆತ ಗ್ಯುತಾರೊನ ಬಾಯಿಯನ್ನು ಮೆಲ್ಲನೆ ಮುಚ್ಚುತ್ತಾನೆ. ಅಂತಹ ಮಾತು ಒಡಹುಟ್ಟಿದವರ ಕೊನೆಯ ಮಾತಾಗಬಾರದು ಎಂಬುದಷ್ಟೇ ಅವನ ಕಾಳಜಿ.

ಕನಿಕರ ಬೇರೆ, ಖುಲಾಸೆ ಬೇರೆ

ಹಾಗಾದರೆ ಈ ಸರಣಿ ಕೊಲೆಗಡುಕರಿಗೆ ಸಹಾನುಭೂತಿ ಗಿಟ್ಟಿಸಿಕೊಡುತ್ತಿದೆಯೇ? ಬಡತನ, ಅವಮಾನ ಅನುಭವಿಸಿದ ಮಾತ್ರಕ್ಕೆ ಅಪರಾಧ ಕ್ಷಮ್ಯವೇ? ಸರಣಿಯ ಒಳಗೂ ಈ ಪ್ರಶ್ನೆ ಏಳುತ್ತದೆ. ರುಯಿ ಸತ್ತ ಮೇಲೆ ಅವನ ಖಾಲಿ ಬಟ್ಟೆಯ ಮೇಲೆ ಕೈಯಿಟ್ಟು ಕುಳಿತ ತಾಂಜಿರೊನನ್ನು ಗಿಯು ಗದರುತ್ತಾನೆ. ತಾಂಜಿರೊ ಕೊಡುವ ಉತ್ತರದ ಸಾರಾಂಶ ಇಷ್ಟು: ಸತ್ತವರಿಗಾಗಿ, ಇನ್ನು ಸಾಯಬಾರದವರಿಗಾಗಿ ಕತ್ತಿ ಬೀಸಲು ಹಿಂಜರಿಯುವುದಿಲ್ಲ, ಆದರೆ ಮಾಡಿದ್ದಕ್ಕೆ ಮರುಗುತ್ತಿರುವವನನ್ನು ತುಳಿಯುವುದಿಲ್ಲ, ಏಕೆಂದರೆ ಅವರೂ ನನ್ನಂತೆ ಮನುಷ್ಯರಾಗಿದ್ದವರು.

ಇಲ್ಲಿ ಗಮನಿಸಬೇಕಾದುದು ಕ್ರಮ. ಮೊದಲು ಕತ್ತಿ, ಆಮೇಲೆ ಕನಿಕರ. ಯಾವ ರಾಕ್ಷಸನ ಕಣ್ಣೀರ ಕಥೆಯೂ ಅವನ ತಲೆ ಉಳಿಸುವುದಿಲ್ಲ. ಸತ್ತ ಮೇಲೂ ರುಯಿ ತನ್ನ ತಂದೆ-ತಾಯಿಯ ಕೈಹಿಡಿದು, ಗ್ಯುತಾರೊ ತಂಗಿಯನ್ನು ಬೆನ್ನಿಗೇರಿಸಿಕೊಂಡು ನರಕದ ಜ್ವಾಲೆಯೊಳಗೇ ನಡೆಯುತ್ತಾರೆ. ಲೆಕ್ಕ ಚುಕ್ತಾ ಆಗಲೇಬೇಕು. ಆದರೆ ಆ ದಾರಿಯಲ್ಲಿ ಒಬ್ಬಂಟಿಯಾಗಿ ಹೋಗಬೇಕಿಲ್ಲ ಎಂಬಷ್ಟು ಕರುಣೆಯನ್ನು ಕಥೆ ತೋರುತ್ತದೆ.

2025ರ ಚಲನಚಿತ್ರದ ತಿರುಳು ಕೂಡ ಇದೇ. ಅಲ್ಲಿನ ಅಕಾಜಾ ಹಿಂದಿನ ಜನ್ಮದಲ್ಲಲ್ಲ, ಹಿಂದಿನ ಬದುಕಿನಲ್ಲಿ, ಹಕುಜಿ ಎಂಬ ಹುಡುಗ. ಹಾಸಿಗೆ ಹಿಡಿದ ತಂದೆಯ ಔಷಧಿಗಾಗಿ ಜೇಬುಗಳ್ಳತನ ಮಾಡಿದ. ಸಿಕ್ಕಿಬಿದ್ದಾಗಲೆಲ್ಲ ತೋಳಿಗೆ ಅಪರಾಧಿಯ ಹಚ್ಚೆ ಹಾಕಿದರು. ಮಗ ತನಗಾಗಿ ಕಳ್ಳನಾದನೆಂಬ ನೋವಿನಿಂದ ತಂದೆ ನೇಣಿಗೆ ಶರಣಾದ. ಮುಂದೆ ಆಶ್ರಯ ಕೊಟ್ಟ ಗುರು, ಮದುವೆಯಾಗಬೇಕಿದ್ದ ಗುರುಪುತ್ರಿ ಇಬ್ಬರೂ ಎದುರಾಳಿಗಳು ಬಾವಿಗೆ ಬೆರೆಸಿದ ವಿಷಕ್ಕೆ ಬಲಿಯಾದರು. ಪ್ರೀತಿಸಿದವರ ಕೊನೆಗಾಲದಲ್ಲಿ ಬಳಿಯಲ್ಲಿರಲಾಗದ ಆತ 'ದುರ್ಬಲ'ರನ್ನು ದ್ವೇಷಿಸುವ ರಾಕ್ಷಸನಾದ. ವಾಸ್ತವವಾಗಿ ಅವನು ದ್ವೇಷಿಸುತ್ತಿದ್ದುದು ತನ್ನನ್ನೇ. ಆ ನೆನಪು ಮರಳಿದಾಗ ಅವನನ್ನು ಮುಗಿಸುವವರು ಎದುರಾಳಿಗಳಲ್ಲ, ಸ್ವತಃ ಅವನೇ.

2023ರ ಜೂನ್‌ನಲ್ಲಿ ಪ್ರಸಾರವಾದ ಸಂಚಿಕೆಯೊಂದು ಈ ನೀತಿಯನ್ನು ನಾಯಕನ ಮೇಲೆಯೇ ಪ್ರಯೋಗಿಸಿತು. ಸೂರ್ಯೋದಯದ ಹೊತ್ತು, ಬಯಲಿನಲ್ಲಿ ನೆಜುಕೊ ಸುಡತೊಡಗಿದ್ದಾಳೆ. ಮತ್ತೊಂದೆಡೆ ರಾಕ್ಷಸನೊಬ್ಬ ಹಳ್ಳಿಗರನ್ನು ಬೆನ್ನಟ್ಟಿದ್ದಾನೆ. ತಾಂಜಿರೊ ತಂಗಿಯನ್ನು ಮುಚ್ಚಿ ಕುಳಿತರೆ ಅವರು ಸಾಯುತ್ತಾರೆ. ಓಡಿದರೆ ತಂಗಿ ಬೂದಿಯಾಗುತ್ತಾಳೆ. ತೀರ್ಮಾನ ಮಾಡಲಾಗದ ಅಣ್ಣನನ್ನು ನೆಜುಕೊ ತಾನೇ ಒದ್ದು ಅತ್ತ ಕಳುಹಿಸುತ್ತಾಳೆ. ಅಲ್ಲಿಯವರೆಗೆ ಅಣ್ಣನ ಬೆನ್ನ ಮೇಲಿನ ಹೊರೆಯಂತಿದ್ದವಳು ಆ ಗಳಿಗೆಯಲ್ಲಿ ತನ್ನ ನಿರ್ಧಾರ ತಾನೇ ಕೈಗೊಂಡಳು. ಆಕೆ ಬಿಸಿಲನ್ನು ಗೆದ್ದು ಉಳಿದಳೆಂಬುದು ನಂತರದ ವಿಸ್ಮಯ.

ಯಶಸ್ಸಿನ ಲೆಕ್ಕಪತ್ರ

ಧಾರಾವಾಹಿಯಾಗಿ ಆರಂಭವಾದ ವರ್ಷಗಳಲ್ಲಿ ಇದು ಅದ್ಭುತ ಯಶಸ್ಸಿನ ಮಾಂಗಾ ಆಗಿರಲಿಲ್ಲ. ಚಿತ್ರಣ ಬದಲಾದುದು 2019ರಲ್ಲಿ, ಯುಫೋಟೇಬಲ್ ಸ್ಟುಡಿಯೊ ಇದನ್ನು ಅನಿಮೇಷನ್ ರೂಪಕ್ಕೆ ತಂದಾಗ. ಹರುವೊ ಸೊತೊಜಾಕಿ ನಿರ್ದೇಶನದ 26 ಸಂಚಿಕೆಗಳ ಮೊದಲ ಭಾಗ ಆ ವರ್ಷದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಸಾರವಾಯಿತು. ಆಗಸ್ಟ್ 10ರಂದು ಬಂದ 19ನೇ ಸಂಚಿಕೆ, ಅಂದರೆ ರುಯಿಯೊಡನೆ ತಾಂಜಿರೊನ ಕಾಳಗ, ಮನೆಮಾತಾಯಿತು. ಸಾಯುವ ಅಂಚಿನಲ್ಲಿ ತಂದೆಯ ನೃತ್ಯ ನೆನಪಾಗಿ ತಾಂಜಿರೊನ ಕತ್ತಿಯಿಂದ ನೀರಿನ ಬದಲು ಬೆಂಕಿ ಹೊಮ್ಮುತ್ತದೆ. ತಾಯಿಯ ಧ್ವನಿ ಕೇಳಿ ನೆಜುಕೊ ಎಚ್ಚರಗೊಳ್ಳುತ್ತಾಳೆ. ಪರಾಕ್ರಮದ ಶಿಖರದಲ್ಲಿಯೂ ಕಥೆ ನೆನೆಯುವುದು ಮನೆಯನ್ನೇ.

ಯುಫೋಟೇಬಲ್‌ನ ಕಸುಬುಗಾರಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಯೋಧರ ಕತ್ತಿಯ ವರಸೆಗಳನ್ನು ಹೊಕುಸಾಯ್‌ನ ಪ್ರಸಿದ್ಧ ಅಲೆಯನ್ನು ನೆನಪಿಸುವಂತೆ, ಹಳೆಯ ಜಪಾನಿ ಮರದಚ್ಚಿನ ಚಿತ್ರಗಳ ದಪ್ಪ ಗೆರೆಗಳಲ್ಲಿ ಬಿಡಿಸಲಾಗಿದೆ. ಕೈಯಿಂದ ಬರೆದ ಪಾತ್ರಗಳು, ಕಂಪ್ಯೂಟರಿನಲ್ಲಿ ಕಟ್ಟಿದ ಹಿನ್ನೆಲೆ ಎರಡನ್ನೂ ಒಂದೇ ಸೂರಿನಡಿ ಬೆರೆಸುವ ಸೌಕರ್ಯ ಆ ಸ್ಟುಡಿಯೊಗಿದೆ. ನಿರ್ಮಾಣದ ಹಣಕಾಸು ವ್ಯವಸ್ಥೆಯೂ ಭಿನ್ನ. ಜಪಾನಿನಲ್ಲಿ ಹತ್ತಾರು ಕಂಪನಿಗಳು ಕೂಡಿ ಬಂಡವಾಳ ಹೂಡುವುದು ವಾಡಿಕೆ. ಇಲ್ಲಿ ಅನಿಪ್ಲೆಕ್ಸ್, ಶುಯೇಶಾ ಮತ್ತು ಯುಫೋಟೇಬಲ್ ಮೂರೇ ಪಾಲುದಾರರು. ಯಾವ ಟಿವಿ ವಾಹಿನಿಗೂ ಪಾಲಿರಲಿಲ್ಲವಾದ್ದರಿಂದ ಆರಂಭದಿಂದಲೇ ಹಲವು ವಾಹಿನಿ ಮತ್ತು ಅಂತರ್ಜಾಲ ವೇದಿಕೆಗಳಿಗೆ ಸರಣಿಯನ್ನು ಕೊಡಲು ಸಾಧ್ಯವಾಯಿತು.

2020ರ ಅಕ್ಟೋಬರ್ 16ರಂದು ಬಿಡುಗಡೆಯಾದ 'ಮುಗೆನ್ ಟ್ರೇನ್' ಚಿತ್ರ ಕೋವಿಡ್ ಕಾಲದಲ್ಲಿ ಬಿಕೋ ಎನ್ನುತ್ತಿದ್ದ ಚಿತ್ರಮಂದಿರಗಳನ್ನು ತುಂಬಿಸಿತು. ಹತ್ತೇ ದಿನಗಳಲ್ಲಿ ಜಪಾನಿನಲ್ಲಿ 1,000 ಕೋಟಿ ಯೆನ್ ದಾಟಿತು. ಆ ವರ್ಷಾಂತ್ಯಕ್ಕೆ ಹಯಾವೊ ಮಿಯಾಜಾಕಿಯವರ 'ಸ್ಪಿರಿಟೆಡ್ ಅವೇ' 2001ರಿಂದ ಹೊಂದಿದ್ದ ದಾಖಲೆಯನ್ನು ಮುರಿದು, ಅಂತಿಮವಾಗಿ 4,000 ಕೋಟಿ ಯೆನ್ ಮೀರಿತು. ಪ್ರಧಾನಿ ಯೊಶಿಹಿದೆ ಸುಗಾ ಅವರು 2020ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಉತ್ತರಿಸುವಾಗ ಸರಣಿಯ ಉಸಿರಾಟ ವಿದ್ಯೆಯನ್ನು ಪ್ರಸ್ತಾಪಿಸಿದ್ದರು. 2021ರ ಫೆಬ್ರುವರಿಗೆ ಪುಸ್ತಕಗಳ ಪ್ರತಿಗಳು 15 ಕೋಟಿ ಮುಟ್ಟಿದವು. 2025ರ 'ಇನ್ಫಿನಿಟಿ ಕ್ಯಾಸಲ್' ಜಗತ್ತಿನಾದ್ಯಂತ 60 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಆಕ್ಷೇಪಗಳೂ ಇವೆ

ಎಲ್ಲವೂ ಹೊಗಳಿಕೆಗೆ ಅರ್ಹ ಎಂದೇನಲ್ಲ. ಸಾಯುವ ಮುನ್ನ ಪೂರ್ವಕಥೆ ಎಂಬ ಸೂತ್ರ ಪದೇಪದೇ ಬರುವುದರಿಂದ ಕಾಳಗದ ಓಟಕ್ಕೆ ಅಡ್ಡಿಯಾಗುತ್ತದೆ. ಜೆನಿತ್ಸು ಎಂಬ ಪಾತ್ರ ಹುಡುಗಿಯರ ಬೆನ್ನು ಬೀಳುವುದನ್ನು ಹಾಸ್ಯವೆಂದು ತೋರಿಸಿರುವುದು ಅನೇಕರಿಗೆ ಹಿಡಿಸದು. ಪ್ರಧಾನ ಸ್ತ್ರೀಪಾತ್ರವಾದ ನೆಜುಕೊ ಬಹುತೇಕ ಕಾಲ ಬಾಯಿಗೆ ಬಿದಿರು ಕಟ್ಟಿಕೊಂಡು ಮಾತಿಲ್ಲದೆ ಇರುವುದೂ ಪ್ರಶ್ನಾರ್ಹ. ಎಲ್ಲ ನೋವನ್ನೂ ನುಂಗಿಕೊಳ್ಳುವ ಹಿರಿಯ ಮಗನನ್ನು ಆದರ್ಶವಾಗಿ ನಿಲ್ಲಿಸುವುದರಿಂದ, ಅಳಲು ಹಕ್ಕಿಲ್ಲದ ಮಕ್ಕಳನ್ನು ಬೆಳೆಸುತ್ತೇವೆಯೇ ಎಂಬ ಅನುಮಾನವೂ ನ್ಯಾಯವೇ. ಸನೆಮಿ ಮತ್ತು ಗೆನ್ಯಾ ಎಂಬ ಸಹೋದರರ ಕಥೆಯಲ್ಲಿ ಸರಣಿಯೇ ಇದಕ್ಕೆ ಭಾಗಶಃ ಉತ್ತರ ಕೊಡುತ್ತದೆ. ತಮ್ಮನನ್ನು ಅಪಾಯದಿಂದ ದೂರವಿಡಲು ಅಣ್ಣ ಪ್ರೀತಿಯನ್ನು ಮುಚ್ಚಿಟ್ಟು ಕಠೋರವಾಗಿ ನಡೆದುಕೊಳ್ಳುತ್ತಾನೆ. ಆ ಮೌನವೇ ತಮ್ಮನನ್ನು ಅಪಾಯಕ್ಕೆ ದೂಡುತ್ತದೆ.

ದಕ್ಷಿಣ ಕೊರಿಯಾದಲ್ಲಿ ಎದ್ದ ತಕರಾರು ಬೇರೆ ಬಗೆಯದು. ತಾಂಜಿರೊನ ಕಿವಿಯೋಲೆಯ ಸೂರ್ಯಕಿರಣ ಚಿತ್ರ ಸಾಮ್ರಾಜ್ಯಶಾಹಿ ಜಪಾನಿನ ಧ್ವಜವನ್ನು ನೆನಪಿಸುತ್ತದೆಂದು ಅಲ್ಲಿ ಆಕ್ಷೇಪ ಬಂದು, ವಿನ್ಯಾಸ ಬದಲಿಸಿ ತೋರಿಸಬೇಕಾಯಿತು.

ಮಕ್ಕಳು ನೋಡಬಹುದೇ?

ಪೋಷಕರು ತಿಳಿಯಬೇಕಾದ ಮೊದಲ ಸಂಗತಿ, ಇದು ಪುಟ್ಟ ಮಕ್ಕಳ ಕಾರ್ಟೂನ್ ಅಲ್ಲ. ಜಪಾನಿನಲ್ಲಿ ಮೊದಲ ಭಾಗ ಪ್ರಸಾರವಾದುದು ರಾತ್ರಿ ಹನ್ನೊಂದೂವರೆಗೆ. 'ಮುಗೆನ್ ಟ್ರೇನ್' ಚಿತ್ರಕ್ಕೆ ಅಲ್ಲಿ, ಹನ್ನೆರಡಕ್ಕಿಂತ ಕೆಳಗಿನವರು ಪೋಷಕರ ಸಲಹೆಯೊಂದಿಗೆ ನೋಡಬೇಕೆಂಬ ಪ್ರಮಾಣಪತ್ರ ಸಿಕ್ಕಿತ್ತು; ಅಮೆರಿಕದಲ್ಲಿ ನಿಯಮ ಇನ್ನೂ ಬಿಗಿ. ಯೊಶಿವಾರಾ ಭಾಗ ಬಂದಾಗ, ಆ ಬೀದಿ ಏನೆಂದು ಮಕ್ಕಳಿಗೆ ಹೇಗೆ ವಿವರಿಸುವುದೆಂಬ ಚರ್ಚೆ ಜಪಾನಿನಲ್ಲಿಯೇ ನಡೆದಿತ್ತು. ಹದಿಹರೆಯದವರ ಜೊತೆ ಹಿರಿಯರೂ ಕುಳಿತು ನೋಡಿದರೆ ಸಾವು, ಸಿಟ್ಟು, ಹೊಣೆಗಾರಿಕೆಗಳ ಬಗ್ಗೆ ಮಾತನಾಡಲು ಒಳ್ಳೆಯ ಸಂದರ್ಭ ಒದಗುತ್ತದೆ.

ನೋಡಬೇಕಾದ ಕ್ರಮ ಹೀಗಿದೆ:

* ಮೊದಲ ಭಾಗ (2019) - 26 ಸಂಚಿಕೆಗಳು
* ಮುಗೆನ್ ಟ್ರೇನ್ - ಚಲನಚಿತ್ರ (2020) ಅಥವಾ ಅದರ 7 ಸಂಚಿಕೆಗಳ ಟಿವಿ ರೂಪ (2021)
* ಯೊಶಿವಾರಾ ಭಾಗ (2021-22) - 11 ಸಂಚಿಕೆಗಳು
* ಕತ್ತಿ ಕಮ್ಮಾರರ ಹಳ್ಳಿ (2023) - 11 ಸಂಚಿಕೆಗಳು
* ಹಶಿರಾ ತರಬೇತಿ (2024) - 8 ಸಂಚಿಕೆಗಳು
* ಇನ್ಫಿನಿಟಿ ಕ್ಯಾಸಲ್ - ಮೂರು ಚಲನಚಿತ್ರಗಳ ಮಾಲೆಯಲ್ಲಿ ಮೊದಲನೆಯದು (2025)

ಕನ್ನಡದ ಮಾತು

ತಮಿಳು, ತೆಲುಗು ಧ್ವನಿಗಳಿದ್ದೂ 2025ರ ಚಿತ್ರ ಕನ್ನಡದಲ್ಲಿ ಬರಲಿಲ್ಲ ಎಂಬುದು ನಮ್ಮ ಓದುಗರಿಗೆ ಚುಚ್ಚುವ ಸಂಗತಿ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಚಿತ್ರೋದ್ಯಮದ ವಿರೋಧವಿತ್ತು. ಆ ತಡೆ ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶಿಸಿತು. ಅನಂತರ ಪರಭಾಷಾ ಚಿತ್ರಗಳು ಕನ್ನಡದ ಧ್ವನಿಯಲ್ಲಿ ಬರತೊಡಗಿದವು. ಮಕ್ಕಳ ವಾಹಿನಿ ಚಿಂಟು ಟಿವಿ ಅದಕ್ಕೂ ಮೊದಲೇ ವಿದೇಶಿ ಕಾರ್ಟೂನುಗಳಿಗೆ ಕನ್ನಡ ಕಲಿಸಿತ್ತು. ಆದರೂ ಜಪಾನಿ ಅನಿಮೆಯ ಮಾರುಕಟ್ಟೆ ಲೆಕ್ಕಾಚಾರದಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಲಿಲ್ಲ.

ನಮ್ಮಲ್ಲಿ ಇಂಥ ಕಥೆಗೆ ಪ್ರೇಕ್ಷಕರಿಲ್ಲ ಎನ್ನುವಂತಿಲ್ಲ. ಅದೇ 2025ರ ಜುಲೈನಲ್ಲಿ ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ್ ನರಸಿಂಹ' ಅನಿಮೇಷನ್ ಚಿತ್ರ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡು ಭಾರಿ ಯಶಸ್ಸು ಗಳಿಸಿತು. ಅದೂ ರಾಕ್ಷಸ ಸಂಹಾರದ ಕಥೆ. ಅದೂ ತಂದೆ-ಮಗನ ಮನೆಯೊಳಗಿನ ಕಥೆ. ತಂದೆ ಹಿರಣ್ಯಕಶಿಪುವಿಗಾಗಿ ಪ್ರಹ್ಲಾದ ಸದ್ಗತಿಯನ್ನು ಬೇಡಿಕೊಂಡನೆಂದು ಭಾಗವತ ಹೇಳುತ್ತದೆ. ಆ ಕಥೆ ಕೇಳುತ್ತ ಬೆಳೆದವರಿಗೆ, ಬೂದಿಯಾಗುತ್ತಿರುವ ರಾಕ್ಷಸನ ಕೈಹಿಡಿದು ಕುಳಿತ ಇದ್ದಿಲು ಮಾರುವ ಹುಡುಗ ಅಷ್ಟೇನೂ ಅಪರಿಚಿತನೆನಿಸಲಾರ.